ನಾಲ್ಕು ಕೇಸ್ ಫ್ಯಾನ್, ನಾಲ್ಕೂ ಫುಲ್ ಸ್ಪೀಡ್: ಬಯೋಸ್‌ನಲ್ಲಿ ಒಂದೂ ಕಾಣುತ್ತಿಲ್ಲ

ಬಿಸಿಲೂರು ಟೀಚರ್
ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಹತ್ತನೇ ತರಗತಿಯ ಮಕ್ಕಳಿಗೆ ರಾತ್ರಿ ಹೊತ್ತು ಪಾಠ ರೆಕಾರ್ಡ್ ಮಾಡಿ ಕಳಿಸುತ್ತೇನೆ. ಅದಕ್ಕೆಂದೇ ಹೋದ ತಿಂಗಳು ಒಂದು ಕಂಪ್ಯೂಟರ್ ಕಟ್ಟಿಸಿದೆ. ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಕ್ಯಾಬಿನೆಟ್ ಜೊತೆಗೇ ಮುಂದೆ ಮೂರು, ಹಿಂದೆ ಒಂದು ಫ್ಯಾನ್ ಬಂದಿವೆ. ಎಲ್ಲವೂ 120 ಎಂಎಂ.

ತೊಂದರೆ ಏನೆಂದರೆ, ಸ್ವಿಚ್ ಒತ್ತಿದ ಕ್ಷಣದಿಂದ ಆಫ್ ಮಾಡುವವರೆಗೂ ಒಂದೇ ಸಮ ಭೋರ್ ಎನ್ನುತ್ತದೆ. ಸುಮ್ನೆ ಡೆಸ್ಕ್‌ಟಾಪ್ ನೋಡುತ್ತಾ ಕೂತರೂ ಅಷ್ಟೇ ಸದ್ದು. ಮೈಕ್‌ನಲ್ಲಿ ನನ್ನ ದನಿಗಿಂತ ಅದೇ ಜಾಸ್ತಿ ಕೇಳುತ್ತದೆ. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಬೋರ್ಡಿನ ಸೆಟ್ಟಿಂಗ್ ಪರದೆ) ಒಳಗೆ ಹೋಗಿ ನೋಡಿದೆ. ಸಿಪಿಯು ಫ್ಯಾನ್ ಮಾತ್ರ ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ತೋರಿಸುತ್ತದೆ. ಉಳಿದ ಜಾಗದಲ್ಲೆಲ್ಲ ಎನ್/ಎ ಎಂದಿದೆ. ಅಲ್ಲಿ ಸೈಲೆಂಟ್ ಅಂತ ಆರಿಸಿ ಸೇವ್ ಮಾಡಿದರೂ ಏನೂ ಬದಲಾಗಲಿಲ್ಲ.

ಗೊತ್ತಿದ್ದವರೊಬ್ಬರು ಫ್ಯಾನ್ ಕಂಟ್ರೋಲರ್ ಕೊಳ್ಳಿ ಎಂದರು. ಇನ್ನೊಬ್ಬರು ನಾಲ್ಕೂ ಫ್ಯಾನ್ ಬದಲಾಯಿಸಿ ಎಂದರು. ದುಡ್ಡು ಹಾಕುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು.

ತಾಮ್ರದ ತಂತಿ
ಶನಿವಾರ, ರಾತ್ರಿ 9:58

ಸದ್ಯಕ್ಕೆ ಏನೂ ಕೊಳ್ಳಬೇಡಿ ಮೇಡಂ. ಪವರ್ ಆಫ್ ಮಾಡಿ, ಪ್ಲಗ್ ಕಿತ್ತು, ಎರಡೂ ಬದಿಯ ಪ್ಯಾನೆಲ್ ತೆಗೆಯಿರಿ. ಒಂದೊಂದು ಫ್ಯಾನಿನ ವೈರ್ ಹಿಡಿದು ಕೊನೆಯವರೆಗೂ ಹೋಗಿ. ಅದು ಎಲ್ಲಿ ಸೇರುತ್ತದೆ? ತುದಿಯಲ್ಲಿ ಎಷ್ಟು ತೂತು ಇವೆ? ಫ್ಯಾನಿನ ನಡುವಿನ ಸ್ಟಿಕರ್ ಮೇಲೆ ಎಷ್ಟು ಆಂಪಿಯರ್ ಎಂದು ಬರೆದಿದೆ? ಇಷ್ಟು ಹೇಳಿ.

ಬಿಸಿಲೂರು ಟೀಚರ್
ಶನಿವಾರ, ರಾತ್ರಿ 10:45

ನೋಡಿದೆ. ನಾಲ್ಕೂ ಫ್ಯಾನಿನ ವೈರು ದೊಡ್ಡ ಬಿಳಿ ಪ್ಲಗ್‌ಗೆ ಹೋಗಿದೆ. ನಾಲ್ಕು ದಪ್ಪ ತೂತು, ಆದರೆ ಹಳದಿ ಮತ್ತು ಕಪ್ಪು ವೈರು ಮಾತ್ರ. ಒಂದರ ಬಾಲಕ್ಕೆ ಇನ್ನೊಂದು ಸೇರಿಸಿ ಕೊನೆಗೆ ಪವರ್ ಸಪ್ಲೈ ಕೇಬಲ್‌ಗೆ ಹಾಕಿದ್ದಾರೆ. ಮದರ್‌ಬೋರ್ಡ್‌ಗೆ ಒಂದೂ ಬಂದಿಲ್ಲ.

ಇನ್ನೊಂದು ವಿಷಯ. ಪ್ರತಿ ಫ್ಯಾನಿನಿಂದಲೂ ಮೂರು ತೂತಿನ ಒಂದು ಚಿಕ್ಕ ಕಪ್ಪು ಪ್ಲಗ್ ಕೂಡ ಹೊರಟಿದೆ. ಅದನ್ನು ಯಾವುದಕ್ಕೂ ಸೇರಿಸದೆ ಜಿಪ್ ಟೈ ಹಾಕಿ ಕಟ್ಟಿಬಿಟ್ಟಿದ್ದಾರೆ. ಸ್ಟಿಕರ್ ಮೇಲೆ 12 ವೋಲ್ಟ್, 0.20 ಆಂಪಿಯರ್ ಎಂದಿದೆ.

ತಾಮ್ರದ ತಂತಿ
ಶನಿವಾರ, ರಾತ್ರಿ 11:30

ಹಾಗಾದರೆ ನಿಮ್ಮ ಫ್ಯಾನ್ ಚೆನ್ನಾಗಿದೆ, ಬೋರ್ಡೂ ಚೆನ್ನಾಗಿದೆ. ವೈರು ಸೇರಿದ ಜಾಗ ಮಾತ್ರ ತಪ್ಪು. ನಾನು ರಿಪೇರಿಗೆ ತೆಗೆದುಕೊಳ್ಳುವ ಮಷೀನ್‌ಗಳಲ್ಲಿ ಇದನ್ನು ಬಹಳ ಸಲ ನೋಡಿದ್ದೇನೆ. ಅವಸರದಲ್ಲಿ ಕಟ್ಟುವವರಿಗೆ ಬಿಳಿ ಪ್ಲಗ್ ಸುಲಭ, ಅಲ್ವಾ. ಒಂದಕ್ಕೊಂದು ಚುಚ್ಚಿದರೆ ಕೆಲಸ ಮುಗಿಯಿತು, ಫ್ಯಾನ್ ತಿರುಗಿತು.

ಸ್ವಲ್ಪ ಉದ್ದ ಬರೆಯುತ್ತೇನೆ. ಒಂದು ಸಲ ಅರ್ಥವಾದರೆ ಮುಂದೆ ಯಾರನ್ನೂ ಕೇಳಬೇಕಾಗುವುದಿಲ್ಲ.

ಆ ಬಿಳಿ ಪ್ಲಗ್‌ಗೆ ಎಲ್ಲರೂ ಮೊಲೆಕ್ಸ್ ಎನ್ನುತ್ತಾರೆ. ಅದರಲ್ಲಿ ಹಳದಿ 12 ವೋಲ್ಟ್, ಕೆಂಪು 5 ವೋಲ್ಟ್, ಎರಡು ಕಪ್ಪು ಗ್ರೌಂಡ್. ನಿಮ್ಮ ಫ್ಯಾನ್ ಹಳದಿ ಮತ್ತು ಕಪ್ಪು ಮಾತ್ರ ತೆಗೆದುಕೊಂಡಿದೆ. ಅಂದರೆ ನೇರ 12 ವೋಲ್ಟ್, ಸದಾ ಪೂರ್ತಿ ವೇಗ. ಮದರ್‌ಬೋರ್ಡಿಗೆ ಆ ಫ್ಯಾನ್ ಇದೆ ಎಂಬುದೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಅದು ಹೇಗೆ ನಿಧಾನ ಮಾಡೀತು?

ಚಿಕ್ಕ ಮೂರು ತೂತಿನ ಪ್ಲಗ್‌ನಲ್ಲಿ ಒಂದು ಗ್ರೌಂಡ್, ಒಂದು 12 ವೋಲ್ಟ್, ಮೂರನೆಯದು ವೇಗ ಹೇಳುವ ವೈರ್. ಫ್ಯಾನ್ ಒಂದು ಸುತ್ತು ತಿರುಗಿದರೆ ಆ ವೈರ್ ಎರಡು ಸಲ ಮಿಡಿಯುತ್ತದೆ. ಬೋರ್ಡ್ ಅದನ್ನು ಎಣಿಸಿ ಆರ್‌ಪಿಎಂ ಲೆಕ್ಕ ಹಾಕುತ್ತದೆ. ಇಂಥ ಫ್ಯಾನಿನ ವೇಗ ಇಳಿಸಲು ದಾರಿ ಒಂದೇ, ವೋಲ್ಟೇಜ್ ಇಳಿಸುವುದು. 12ರ ಬದಲು 9 ಕೊಟ್ಟರೆ ನಿಧಾನ, 7 ಕೊಟ್ಟರೆ ಇನ್ನೂ ನಿಧಾನ. ಬಯೋಸ್‌ನಲ್ಲಿ ಇದಕ್ಕೆ ಡಿಸಿ ಮೋಡ್ ಎನ್ನುತ್ತಾರೆ.

ನಾಲ್ಕು ತೂತಿನ ಫ್ಯಾನ್ ಬೇರೆ ಥರ. ಆನೆ ಮತ್ತು ಮಾವುತನನ್ನು ನೆನೆಸಿಕೊಳ್ಳಿ. ಆನೆಯ ಬಲ ಕಡಿಮೆಯಾಗುವುದಿಲ್ಲ. ಕಿವಿಯ ಹಿಂದೆ ಮಾವುತ ಕಾಲ್ಬೆರಳಿನಲ್ಲಿ ಒತ್ತಿದ್ದಕ್ಕೆ ತಕ್ಕಂತೆ ಅದು ನಡೆಯುತ್ತದೆ. ಹಾಗೆಯೇ ಇಲ್ಲಿ 12 ವೋಲ್ಟ್ ಪೂರ್ತಿ ಇದ್ದೇ ಇರುತ್ತದೆ. ನಾಲ್ಕನೇ ವೈರು ಅಪ್ಪಣೆ ಮಾತ್ರ ಕೊಡುತ್ತದೆ. ಅದು ಸೆಕೆಂಡಿಗೆ ಸುಮಾರು 25,000 ಸಲ ಆನ್ ಆಫ್ ಆಗುತ್ತದೆ. ಪ್ರತಿ ಸಲ ಎಷ್ಟು ಭಾಗ ಆನ್ ಇತ್ತು ಎಂಬುದೇ ವೇಗ. ನಮ್ಮ ಕಿವಿಗೆ 20,000 ಹರ್ಟ್ಜ್ ಮೇಲೆ ಕೇಳಿಸುವುದಿಲ್ಲ, ಹಾಗಾಗಿ ಇದರ ಕೀರಲು ನಮಗೆ ಗೊತ್ತಾಗುವುದಿಲ್ಲ. ಇದು ಪಿಡಬ್ಲ್ಯೂಎಂ. ನಿಮ್ಮ ಸಿಪಿಯು ಕೂಲರ್ ಫ್ಯಾನ್ ಈ ಜಾತಿಯದು.

ಈಗ ಮುಖ್ಯ ಮಾತು. ಬೋರ್ಡಿನ ಮೇಲೆ ಫ್ಯಾನ್ ಪ್ಲಗ್ ಕೂರುವ ಪಿನ್‌ಗಳ ಸಾಲಿಗೆ ಹೆಡರ್ ಎನ್ನುತ್ತಾರೆ. ಮೂರು ತೂತಿನ ಪ್ಲಗ್ ಬೋರ್ಡಿನ ನಾಲ್ಕು ಪಿನ್ ಹೆಡರಿಗೆ ಸರಿಯಾಗಿ ಕೂರುತ್ತದೆ. ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ನಾಲಿಗೆ ಇದೆ, ಅದು ದಾರಿ ತೋರಿಸುತ್ತದೆ. ನಾಲ್ಕನೇ ಪಿನ್ ಖಾಲಿ ಉಳಿಯುತ್ತದೆ, ಅದೇ ಸರಿ. ಆದರೆ ಆ ಹೆಡರ್ ಡಿಸಿ ಮೋಡ್‌ನಲ್ಲಿ ಇರಬೇಕು. ಪಿಡಬ್ಲ್ಯೂಎಂ ಮೋಡ್‌ನಲ್ಲಿದ್ದರೆ ಬೋರ್ಡ್ ನಾಲ್ಕನೇ ಪಿನ್‌ನಲ್ಲಿ ಅಪ್ಪಣೆ ಕೊಡುತ್ತಾ ಕೂರುತ್ತದೆ. ಕೇಳಿಸಿಕೊಳ್ಳಲು ಈ ಫ್ಯಾನಿಗೆ ಕಿವಿಯೇ ಇಲ್ಲ. ಮತ್ತೆ ಫುಲ್ ಸ್ಪೀಡ್.

ಒಂದು ಎಚ್ಚರಿಕೆ. ಬಿಳಿ ಪ್ಲಗ್ ಮತ್ತು ಚಿಕ್ಕ ಪ್ಲಗ್ ಎರಡನ್ನೂ ಒಟ್ಟಿಗೆ ಹಾಕಬೇಡಿ. ಪವರ್ ಸಪ್ಲೈನ 12 ವೋಲ್ಟ್ ಹಿಂದಿನ ಬಾಗಿಲಿನಿಂದ ಬೋರ್ಡಿನ ಹೆಡರಿಗೆ ನುಗ್ಗುತ್ತದೆ. ಮೊದಲು ಬಿಳಿ ಪ್ಲಗ್ ಪೂರ್ತಿ ಬಿಡಿಸಿ, ಆಮೇಲೆ ಚಿಕ್ಕದನ್ನು ಹಾಕಿ.

ಕಡಲತೀರ
ಭಾನುವಾರ, ಬೆಳಗ್ಗೆ 7:15

ಬೋರ್ಡಿನಲ್ಲಿ ಅಷ್ಟು ಹೆಡರ್ ಇರಬೇಕಲ್ಲ. ಬಹಳ ಬಿ550 ಬೋರ್ಡ್‌ಗಳಲ್ಲಿ ಕೇಸ್ ಫ್ಯಾನಿಗೆ ಎರಡೋ ಮೂರೋ ಇರುತ್ತವೆ. ನಾನು ಮಂಗಳೂರಿನಲ್ಲಿ ನನ್ನ ಮಷೀನ್‌ಗೆ ಹಲವು ಫ್ಯಾನ್ ಒಂದೇ ಕಡೆ ಸೇರಿಸುವ ಫ್ಯಾನ್ ಹಬ್ ಹಾಕಿದ್ದೇನೆ, ಸಾಟಾ ಪವರ್ ತೆಗೆದುಕೊಳ್ಳುವಂಥದು. ಕರೆಂಟ್ ಪವರ್ ಸಪ್ಲೈನಿಂದ ಬರುತ್ತದೆ, ಬೋರ್ಡಿನಿಂದ ಅಪ್ಪಣೆಯ ವೈರ್ ಮಾತ್ರ. ಬೋರ್ಡ್ ಮೇಲೆ ಭಾರ ಬೀಳುವುದಿಲ್ಲ. ಅದನ್ನೇ ಹಾಕಿಬಿಡಿ.

ತಾಮ್ರದ ತಂತಿ
ಭಾನುವಾರ, ಬೆಳಗ್ಗೆ 8:02

ನಿಮ್ಮ ಫ್ಯಾನ್‌ಗಳು ನಾಲ್ಕು ತೂತಿನವು ಇರಬೇಕು, ಅದಕ್ಕೇ ಸರಿಹೋಗಿದೆ. ಆ ಥರದ ಹಬ್‌ಗಳಲ್ಲಿ ಹೆಚ್ಚಿನವು ಪಿಡಬ್ಲ್ಯೂಎಂ ಅಪ್ಪಣೆಯನ್ನು ಮಾತ್ರ ಹಂಚುತ್ತವೆ, ವೋಲ್ಟೇಜ್ ಇಳಿಸುವುದಿಲ್ಲ. ಮೇಡಂ ಹತ್ತಿರ ಇರುವುದು ಮೂರು ತೂತಿನ ಫ್ಯಾನ್. ಹಬ್‌ಗೆ ಹಾಕಿದರೆ ದುಡ್ಡೂ ಹೋಯಿತು, ಸದ್ದೂ ಉಳಿಯಿತು.

ಅವರಿಗೆ ಒಂದು ಹೆಡರನ್ನು ಮೂರು ಫ್ಯಾನಿಗೆ ಹಂಚುವ ಸಾದಾ ಸ್ಪ್ಲಿಟರ್ ಕೇಬಲ್ ಸಾಕು. ಲೆಕ್ಕ ನೋಡಿ. ಸಾಮಾನ್ಯ ಹೆಡರ್ 1 ಆಂಪಿಯರ್ ತಡೆಯುತ್ತದೆ, ಅಂದರೆ 12 ವ್ಯಾಟ್. ಮುಂದಿನ ಮೂರು ಫ್ಯಾನ್ ಸೇರಿ 0.60 ಆಂಪಿಯರ್. ಹೊರಡುವಾಗ ಫ್ಯಾನ್ ಸ್ವಲ್ಪ ಜಾಸ್ತಿ ಎಳೆಯುತ್ತದೆ. ಅದಕ್ಕೂ ಜಾಗ ಉಳಿದಿದೆ. ಇದೇ ಫ್ಯಾನ್ 0.40 ಆಂಪಿಯರ್‌ನದು ಆಗಿದ್ದರೆ ಮೂರನ್ನು ಒಂದಕ್ಕೆ ಹಾಕಿ ಎಂದು ಹೇಳುತ್ತಿರಲಿಲ್ಲ. ಯಾವುದಕ್ಕೂ ಬೋರ್ಡಿನ ಮ್ಯಾನುಯಲ್ ತೆಗೆದು ನಿಮ್ಮ ಹೆಡರಿನ ಮಿತಿ ಎಷ್ಟು ಎಂದು ಓದಿ.

ಸ್ಪ್ಲಿಟರ್ ತಂದಾಗ ಒಂದು ಕೊಂಬೆಯಲ್ಲಿ ಮಾತ್ರ ವೇಗ ಹೇಳುವ ವೈರ್ ಇರುತ್ತದೆ. ಉಳಿದ ಕೊಂಬೆಗಳಲ್ಲಿ ಆ ಪಿನ್ ಬೇಕೆಂದೇ ಇರುವುದಿಲ್ಲ. ಮೂರು ಫ್ಯಾನ್ ಒಂದೇ ವೈರಿನಲ್ಲಿ ಮಾತಾಡಿದರೆ ಬೋರ್ಡಿಗೆ ಲೆಕ್ಕ ತಪ್ಪುತ್ತದೆ. ಪಿನ್ ಮುರಿದಿದೆ ಎಂದು ವಾಪಸ್ ಕೊಡಬೇಡಿ.

ಕಡಲತೀರ
ಭಾನುವಾರ, ಬೆಳಗ್ಗೆ 8:20

ಹೌದು, ನನ್ನವು ನಾಲ್ಕು ತೂತಿನವೇ. ಹೇಳಿದ್ದು ಒಳ್ಳೆಯದಾಯಿತು. ಮೇಡಂ, ನನ್ನ ಮಾತು ಬಿಡಿ, ಸ್ಪ್ಲಿಟರ್ ತನ್ನಿ.

ಪೇಢಾ ಊರಿನವ
ಭಾನುವಾರ, ಬೆಳಗ್ಗೆ 9:10

ನಿಮ್ಮ ಫ್ಯಾನ್ ಬಣ್ಣದ ಲೈಟ್ ಇರುವಂಥವಾ? ಹಾಗಿದ್ದರೆ ದಯವಿಟ್ಟು ಇದನ್ನು ಓದಿ. ಲೈಟಿನ ವೈರು ಬೇರೆ, ಫ್ಯಾನಿನ ವೈರು ಬೇರೆ. ಲೈಟಿನಲ್ಲೂ ಎರಡು ಜಾತಿ. ನಾಲ್ಕು ಪಿನ್‌ನ ಆರ್‌ಜಿಬಿ 12 ವೋಲ್ಟ್. ಮೂರು ಪಿನ್‌ನ ಎಆರ್‌ಜಿಬಿ 5 ವೋಲ್ಟ್. ನಾನು ಹೋದ ದೀಪಾವಳಿಗೆ ಧಾರವಾಡದಲ್ಲಿ ತಮ್ಮನ ಮಷೀನ್ ಕಟ್ಟುವಾಗ 5 ವೋಲ್ಟಿನದನ್ನು ಒತ್ತಿ 12 ವೋಲ್ಟಿನ ಹೆಡರಿಗೆ ಹಾಕಿದೆ. ಆನ್ ಮಾಡಿದ ಕೂಡಲೇ ಮೂರು ಫ್ಯಾನಿನ ಲೈಟು ಸತ್ತವು. ಫ್ಯಾನ್ ಈಗಲೂ ತಿರುಗುತ್ತವೆ, ಬೆಳಕಿಲ್ಲ. ಅವನು ಕೂಡಿಟ್ಟ ದುಡ್ಡಿನಲ್ಲಿ ತಂದದ್ದು, ಇವತ್ತಿಗೂ ಬೇಜಾರಿದೆ. ಹೆಡರ್ ಪಕ್ಕ ಬೋರ್ಡಿನ ಮೇಲೆ ಅಚ್ಚಾದ ಅಕ್ಷರ ಓದದೆ ಯಾವುದನ್ನೂ ಒತ್ತಬೇಡಿ. ತಾನಾಗಿ ಕೂರದಿದ್ದರೆ ಅದು ಅಲ್ಲಿಯದಲ್ಲ.

ಬಿಸಿಲೂರು ಟೀಚರ್
ಬುಧವಾರ, ರಾತ್ರಿ 8:30

ಲೈಟ್ ಇಲ್ಲ, ಸಾದಾ ಫ್ಯಾನ್. ಸ್ಪ್ಲಿಟರ್ ಇವತ್ತು ಸಿಕ್ಕಿತು. ಮುಂದಿನ ಮೂರನ್ನು ಬೋರ್ಡಿನ ಕೆಳಗಿನ ಹೆಡರಿಗೆ ಹಾಕಿದೆ. ಹಿಂದಿನದರ ವೈರು ಗಿಡ್ಡ, ಹೆಡರಿನವರೆಗೂ ಬರಲಿಲ್ಲ. ಸದ್ಯ ಮೊಲೆಕ್ಸ್‌ನಲ್ಲೇ ಇದೆ.

ಮೊದಲ ಸಲ ಆನ್ ಮಾಡಿದಾಗ ಮತ್ತೆ ಅದೇ ಭೋರ್. ಆದರೆ ಬಯೋಸ್‌ನಲ್ಲಿ 1,560 ಎಂದು ಅಂಕಿ ಬಂತು! ಮೋಡ್ ಆಟೋ ಎಂದಿತ್ತು. ಡಿಸಿ ಎಂದು ಬದಲಾಯಿಸಿದೆ. ಕಣ್ಣೆದುರೇ ಸದ್ದು ಇಳಿಯಿತು. ಅಮ್ಮ ಪಕ್ಕದ ಕೋಣೆಯಿಂದ ಎದ್ದು ಬಂದು, ಕರೆಂಟ್ ಹೋಯಿತಾ ಎಂದು ಕೇಳಿದರು.

ಆಮೇಲೆ ಆಸೆಯಿಂದ 40 ಪರ್ಸೆಂಟ್‌ಗೆ ಇಳಿಸಿದೆ. ಎರಡು ತಿರುಗುತ್ತಿವೆ, ನಡುವಿನದು ನಿಂತೇಹೋಗಿದೆ. ಬೆರಳಿನಿಂದ ತಳ್ಳಿದರೆ ತಿರುಗುತ್ತದೆ. ಕೆಟ್ಟಿದೆಯಾ?

ತಾಮ್ರದ ತಂತಿ
ಬುಧವಾರ, ರಾತ್ರಿ 9:05

ಕೆಟ್ಟಿಲ್ಲ. 40 ಪರ್ಸೆಂಟ್ ಎಂದರೆ ಹತ್ತಿರ ಹತ್ತಿರ 4.8 ವೋಲ್ಟ್. 12 ವೋಲ್ಟಿನ ಮೋಟಾರ್ ಹೊರಡಲು ಒಂದಷ್ಟು ಬಲ ಬೇಕು. ತಿರುಗುತ್ತಿರುವ ಫ್ಯಾನ್ 5 ವೋಲ್ಟ್‌ನಲ್ಲೂ ಓಡೀತು, ನಿಂತದ್ದು ಏಳಲಾರದು. ಒಂದೇ ಪೆಟ್ಟಿಗೆಯ ಮೂರು ಫ್ಯಾನಿನಲ್ಲೂ ಈ ಮಟ್ಟ ಬೇರೆ ಬೇರೆ. ಹೀಗೆ ಮಾಡಿ: ಪೂರ್ತಿ ಆಫ್ ಮಾಡಿ ಆನ್ ಮಾಡಿದಾಗ ಮೂರೂ ತಾವಾಗಿ ಹೊರಡುವ ಅತಿ ಕಡಿಮೆ ಪರ್ಸೆಂಟ್ ಹುಡುಕಿ. ಅದಕ್ಕೆ ಐದು ಸೇರಿಸಿ. ಅದೇ ನಿಮ್ಮ ತಳ, ಅದಕ್ಕಿಂತ ಕೆಳಗೆ ಹೋಗಬೇಡಿ.

ಸ್ಪ್ಲಿಟರಿನಲ್ಲಿ ಒಂದರ ಆರ್‌ಪಿಎಂ ಮಾತ್ರ ಕಾಣುವುದರಿಂದ ಉಳಿದ ಎರಡು ನಿಂತರೆ ಬಯೋಸ್ ಹೇಳುವುದಿಲ್ಲ. ಕಣ್ಣಾರೆ ನೋಡಿ. ಬೆರಳು ಹಾಕುವುದು ಬೇಡ.

ಹೊಸಬ
ಬುಧವಾರ, ರಾತ್ರಿ 9:40

ನಡುವೆ ನನ್ನದೊಂದು ಪ್ರಶ್ನೆ. ನಾನು ವಾಟರ್ ಕೂಲರ್ ಹಾಕಿದ್ದೇನೆ. ಆನ್ ಮಾಡಿದರೆ ಸಿಪಿಯು ಫ್ಯಾನ್ ಎರರ್, ಎಫ್1 ಒತ್ತಿ ಎಂದು ನಿಲ್ಲುತ್ತದೆ.

ತಾಮ್ರದ ತಂತಿ
ಬುಧವಾರ, ರಾತ್ರಿ 9:48

ಸಿಪಿಯು ಫ್ಯಾನ್ ಹೆಡರ್ ಖಾಲಿ ಇದೆ. ಅಲ್ಲಿ ಆರ್‌ಪಿಎಂ ಕಾಣದಿದ್ದರೆ ಬೋರ್ಡ್ ಹೆದರುತ್ತದೆ, ಅದು ಒಳ್ಳೆಯದೇ. ರೇಡಿಯೇಟರ್ ಫ್ಯಾನ್ ಅಲ್ಲಿಗೆ ಹಾಕಿ. ಪಂಪಿನ ವೈರು ಪಂಪ್ ಹೆಡರಿಗೆ. ಕೂಲರಿನ ಕೈಪಿಡಿ ಬೇರೆ ಹೇಳದಿದ್ದರೆ ಆ ಹೆಡರನ್ನು ಪೂರ್ತಿ ವೇಗಕ್ಕೆ ಇಡಿ. ಎಚ್ಚರಿಕೆಯನ್ನೇ ಇಗ್ನೋರ್ ಮಾಡಬೇಡಿ, ಮುಂದೊಂದು ದಿನ ನಿಜವಾಗಿಯೂ ಫ್ಯಾನ್ ನಿಂತಾಗ ಅದೇ ನಿಮ್ಮನ್ನು ಕಾಯುವುದು.

ಮ್ಯೂನಿಕ್ ಮನೆ
ಗುರುವಾರ, ನಸುಕು 2:10

ಟೀಚರ್, ಈಗ ಕರ್ವ್ ಬಗ್ಗೆ, ಅಂದರೆ ಎಷ್ಟು ಬಿಸಿಗೆ ಫ್ಯಾನ್ ಎಷ್ಟು ವೇಗ ಎಂದು ಬಯೋಸ್‌ನಲ್ಲಿ ಎಳೆಯುವ ಗೆರೆಯ ಬಗ್ಗೆ ಎರಡು ಮಾತು. ಇಲ್ಲಿ ಜರ್ಮನಿಯಲ್ಲಿ ನನ್ನ ಕೋಣೆ 20 ಡಿಗ್ರಿ. ಅಂತರ್ಜಾಲದಲ್ಲಿ ಸಿಗುವ ಕರ್ವ್‌ಗಳಲ್ಲಿ ಬಹಳಷ್ಟು ಇಂಥ ಕೋಣೆಯಲ್ಲಿ ಕೂತು ಮಾಡಿದವು. ಫ್ಯಾನ್ ಎಷ್ಟೇ ತಿರುಗಿದರೂ ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಪ್ರೊಸೆಸರ್ ಅದೇ ಕೆಲಸಕ್ಕೆ ಕೋಣೆಗಿಂತ 40 ಡಿಗ್ರಿ ಮೇಲೆ ಹೋಗುತ್ತದೆ ಎಂದುಕೊಳ್ಳಿ. ನನಗೆ ಅದು 60, ಮೇ ತಿಂಗಳ ಕಲಬುರಗಿಯಲ್ಲಿ 38 ಡಿಗ್ರಿಯ ಕೋಣೆಯಲ್ಲಿ 78. ನನ್ನ ಕರ್ವ್ ನಿಮಗೆ ಕೊಟ್ಟರೆ ನಿಮ್ಮ ಫ್ಯಾನ್ ದಿನವಿಡೀ ಓಡುತ್ತಲೇ ಇರುತ್ತದೆ.

5600ರ ಮೇಲಿನ ಮಿತಿ 90 ಡಿಗ್ರಿ. ಹಾಗಾಗಿ ಬೇಸಿಗೆಗೆ ನಾನು ಇಡುವುದು: 62 ಡಿಗ್ರಿವರೆಗೂ ನಿಮ್ಮ ತಳದ ವೇಗ, ಸಪಾಟು ಗೆರೆ. 75ಕ್ಕೆ 75 ಪರ್ಸೆಂಟ್. 85ಕ್ಕೆ ಪೂರ್ತಿ. ಚಳಿಗಾಲದಲ್ಲಿ ಈ ಅಂಕಿಗಳನ್ನು ಸ್ವಲ್ಪ ಕೆಳಗೆ ತನ್ನಿ.

ಸಪಾಟು ಗೆರೆ ನಿಮಗೆ ಬಹಳ ಮುಖ್ಯ. ರೈಜನ್ ಪ್ರೊಸೆಸರ್ ಒಂದು ಬ್ರೌಸರ್ ತೆರೆದರೂ ಕ್ಷಣಕಾಲ ಹತ್ತು ಡಿಗ್ರಿ ನೆಗೆಯುತ್ತದೆ, ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಹಿಂದೆ ಓಡಿದರೆ ಉಸಿರಾಟದ ಹಾಗೆ ಏರಿಳಿಯುವ ಸದ್ದು ಬರುತ್ತದೆ. ಒಂದೇ ಸಮ ಇರುವ ಸಣ್ಣ ಸದ್ದನ್ನು ರೆಕಾರ್ಡಿಂಗ್ ಸಾಫ್ಟ್‌ವೇರ್ ಸುಲಭವಾಗಿ ತೆಗೆಯುತ್ತದೆ. ಏರಿಳಿಯುವ ಸದ್ದನ್ನು ತೆಗೆಯಲು ಹೋದರೆ ನಿಮ್ಮ ದನಿಯೂ ಕೆಡುತ್ತದೆ. ಬಯೋಸ್‌ನಲ್ಲಿ ಸ್ಟೆಪ್ ಅಪ್ ಟೈಮ್ (ಬಿಸಿ ಏರಿದಾಗ ಫ್ಯಾನ್ ವೇಗ ಏರಲು ತೆಗೆದುಕೊಳ್ಳುವ ಸಮಯ) ಎಂದೇನಾದರೂ ಇದ್ದರೆ ಜಾಸ್ತಿ ಮಾಡಿ. ಆಸುಸ್‌ನಲ್ಲಿ ಇದೆಲ್ಲ ಕ್ಯೂ-ಫ್ಯಾನ್ ಎಂಬಲ್ಲಿ, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್, ಎಂಎಸ್ಐನಲ್ಲಿ ಹಾರ್ಡ್‌ವೇರ್ ಮಾನಿಟರ್.

ವೇಗ ಅರ್ಧಕ್ಕೆ ಇಳಿಸಿದರೆ ಸದ್ದು ಸುಮಾರು 15 ಡೆಸಿಬಲ್ ಕಡಿಮೆಯಾಗುತ್ತದೆ. ಗಾಳಿ ಮಾತ್ರ ಅರ್ಧ ಉಳಿದೇ ಇರುತ್ತದೆ. ಹಾಗಾಗಿ ಎರಡು ಫ್ಯಾನನ್ನು ಜೋರಾಗಿ ಓಡಿಸುವುದಕ್ಕಿಂತ ನಾಲ್ಕನ್ನು ನಿಧಾನವಾಗಿ ಓಡಿಸುವುದು ಕಿವಿಗೆ ಹಿತ.

ಕಡಲತೀರ
ಗುರುವಾರ, ಬೆಳಗ್ಗೆ 7:30

ವಿಡಿಯೋ ರೆಂಡರ್ ಮಾಡುವಾಗ ಬಿಸಿಯಾಗುವುದು ಗ್ರಾಫಿಕ್ಸ್ ಕಾರ್ಡ್ ಅಲ್ವಾ? ಬಯೋಸ್‌ಗೆ ಅದರ ಬಿಸಿ ಕಾಣುವುದಿಲ್ಲ. ಕಾರ್ಡ್ 80 ಮುಟ್ಟಿದರೂ ಮುಂದಿನ ಫ್ಯಾನ್ ಸಿಪಿಯು ತಣ್ಣಗಿದೆ ಎಂದು ಆರಾಮಾಗಿ ಇರುತ್ತದೆ.

ಮ್ಯೂನಿಕ್ ಮನೆ
ಗುರುವಾರ, ಮಧ್ಯಾಹ್ನ 1:20

ಸರಿಯಾದ ಮಾತು. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಸಿಪಿಯುಗೆ ಒಂದು ಕರ್ವ್, ಕಾರ್ಡಿಗೆ ಒಂದು ಕರ್ವ್ ಬರೆದು, ಎರಡರಲ್ಲಿ ಯಾವುದು ಜಾಸ್ತಿಯೋ ಅದನ್ನು ಕೇಸ್ ಫ್ಯಾನಿಗೆ ಕೊಡು ಎಂದು ಹೇಳಬಹುದು. 2025ರ ಮಾರ್ಚ್‌ನಲ್ಲಿ ವಿಂಡೋಸ್ ಡಿಫೆಂಡರ್ ಇಂಥ ಹಲವು ಸಾಫ್ಟ್‌ವೇರ್‌ಗಳು ಬಳಸುತ್ತಿದ್ದ ವಿನ್‌ರಿಂಗ್0 ಡ್ರೈವರನ್ನು ಅಪಾಯ ಎಂದು ತಡೆಯಿತು. ಅದರಲ್ಲಿ ನಿಜವಾಗಿಯೂ ಲೋಪ ಇತ್ತು. ಹಾಗಾಗಿ ಹಳೆಯ ಆವೃತ್ತಿ ಹಾಕಿ ಡಿಫೆಂಡರ್ ಆಫ್ ಮಾಡುವ ಕೆಲಸ ಬೇಡ. ಹೊಸದನ್ನೇ ತನ್ನಿ.

ನಾನು ಲಿನಕ್ಸ್‌ನವ. ಎಲ್‌ಎಂ-ಸೆನ್ಸರ್ಸ್ ಹಾಕಿ, ಸೆನ್ಸರ್ಸ್-ಡಿಟೆಕ್ಟ್ ಓಡಿಸಿ, ಆಮೇಲೆ ಪಿಡಬ್ಲ್ಯೂಎಂ-ಕಾನ್ಫಿಗ್. ಅದು ಒಂದೊಂದೇ ಫ್ಯಾನನ್ನು ನಿಲ್ಲಿಸಿ ನೋಡುತ್ತದೆ, ಆಗ ಭಾರದ ಕೆಲಸ ಏನೂ ಓಡುತ್ತಿರಬಾರದು. ಕೆಲವೊಮ್ಮೆ ರೀಬೂಟ್ ಆದಮೇಲೆ ಸೆನ್ಸರ್ ನಂಬರ್ ಬದಲಾಗಿ ಲಿನಕ್ಸ್‌ನ ಫ್ಯಾನ್‌ಕಂಟ್ರೋಲ್ ಸರ್ವೀಸ್ (ಮೇಲಿನ ವಿಂಡೋಸ್ ಸಾಫ್ಟ್‌ವೇರ್ ಅಲ್ಲ) ಶುರುವಾಗುವುದೇ ಇಲ್ಲ. ಆಗ ಮತ್ತೊಮ್ಮೆ ಕಾನ್ಫಿಗ್ ಮಾಡಬೇಕು.

ಆದರೆ ಟೀಚರ್ ಮೊದಲು ಬಯೋಸ್‌ನಲ್ಲೇ ಮಾಡಲಿ. ಅದು ವಿಂಡೋಸ್ ಹಾಳಾದರೂ ಕೆಲಸ ಮಾಡುತ್ತದೆ.

ಪೇಢಾ ಊರಿನವ
ಗುರುವಾರ, ಸಂಜೆ 6:15

ಗಾಳಿ ಯಾವ ಕಡೆ ಹೋಗುತ್ತಿದೆ ಎಂದು ಯಾರೂ ಕೇಳಲಿಲ್ಲವಲ್ಲ. ವೈರನ್ನೇ ಹೀಗೆ ಹಾಕಿದವರು ಫ್ಯಾನ್ ಸರಿಯಾಗಿ ಕೂರಿಸಿರುತ್ತಾರಾ? ಒಂದು ಊದುಬತ್ತಿ ಹಚ್ಚಿ ಫ್ಯಾನ್ ಹತ್ತಿರ ಹಿಡಿಯಿರಿ, ಹೊಗೆ ಹೇಳುತ್ತದೆ.

ತಾಮ್ರದ ತಂತಿ
ಗುರುವಾರ, ಸಂಜೆ 6:40

ಊದುಬತ್ತಿ ಬೇಡಪ್ಪಾ, ಬೂದಿ ಒಳಗೆ ಹೋಗುತ್ತದೆ. ಟಿಶ್ಯೂ ಪೇಪರಿನ ತೆಳು ಪಟ್ಟಿ ಸಾಕು. ಪ್ರಶ್ನೆ ಮಾತ್ರ ಒಳ್ಳೆಯದು. ಫ್ಯಾನ್ ನಿಂತಿದ್ದಾಗಲೂ ಗೊತ್ತಾಗುತ್ತದೆ. ಹೆಚ್ಚಿನ ಫ್ಯಾನ್‌ಗಳಲ್ಲಿ ಮೋಟಾರ್ ಹಿಡಿದಿರುವ ಪ್ಲಾಸ್ಟಿಕ್ ಕಡ್ಡಿಗಳು ಇರುವ ಬದಿಯಿಂದ ಗಾಳಿ ಹೊರಗೆ ಬರುತ್ತದೆ. ಹಿಂದಿನ ಫ್ಯಾನಿನ ಆ ಕಡ್ಡಿಗಳು ಕ್ಯಾಬಿನೆಟ್ ಹೊರಗೆ ಮುಖ ಮಾಡಿರಬೇಕು.

ಕಲಬುರಗಿ ಎಂದರೆ ಕೋಣೆಯಲ್ಲಿ ಏರ್ ಕೂಲರ್ ಇದ್ದೇ ಇರುತ್ತದೆ. ಅದರ ತೇವದ ಗಾಳಿ ನೇರ ಕ್ಯಾಬಿನೆಟ್‌ಗೆ ಬಡಿಯದ ಹಾಗೆ ಇಡಿ ಮೇಡಂ. ಧೂಳು ತೇವ ಸೇರಿ ಕೂಲರಿನ ರೆಕ್ಕೆಗಳ ನಡುವೆ ಅಂಟು ಕಟ್ಟುತ್ತದೆ. ಪವರ್ ಆಫ್ ಮಾಡಿ ಬ್ಲೋವರ್‌ನಿಂದ ಧೂಳು ಹೊಡೆಯುವಾಗ ಫ್ಯಾನಿನ ರೆಕ್ಕೆ ಬೆರಳಿನಿಂದ ಹಿಡಿದುಕೊಳ್ಳಿ, ಗಿರ‍್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹಾಳು.

ಬಿಸಿಲೂರು ಟೀಚರ್
ಶುಕ್ರವಾರ, ರಾತ್ರಿ 10:20

ಹಿಂದಿನ ಫ್ಯಾನ್ ಉಲ್ಟಾ ಇತ್ತು! ಕಡ್ಡಿಗಳು ಒಳಗೆ ಮುಖ ಮಾಡಿದ್ದವು. ಮುಂದಿನಿಂದ ಮೂರು ಗಾಳಿ ತಳ್ಳುತ್ತಿವೆ, ಹಿಂದಿನದೂ ಒಳಗೇ ತಳ್ಳುತ್ತಿತ್ತು. ನಾಲ್ಕು ಸ್ಕ್ರೂ ಬಿಚ್ಚಿ ತಿರುಗಿಸಿದೆ. ಅದೇ 20 ನಿಮಿಷದ ವಿಡಿಯೋ ಮತ್ತೆ ರೆಂಡರ್ ಮಾಡಿ ನೋಡಿದೆ. ಮೊದಲು ಗ್ರಾಫಿಕ್ಸ್ ಕಾರ್ಡ್ 81 ಮುಟ್ಟುತ್ತಿತ್ತು, ಈಗ 76.

ನನ್ನ ಮೂರೂ ಫ್ಯಾನ್ ತಾವಾಗಿ ಹೊರಡುವುದು 55 ಪರ್ಸೆಂಟ್‌ಗೆ. ಅದಕ್ಕಿಂತ ಕೆಳಗೆ ನಡುವಿನದು ಹೊರಡುವುದಿಲ್ಲ. ಐದು ಸೇರಿಸಿ 60ಕ್ಕೆ ಇಟ್ಟಿದ್ದೇನೆ, ಸುಮಾರು 1,000 ಆರ್‌ಪಿಎಂ. 62 ಡಿಗ್ರಿವರೆಗೂ ಸಪಾಟು ಗೆರೆ. ಸಿಪಿಯು ಫ್ಯಾನಿಗೂ ಸ್ಟೆಪ್ ಅಪ್ ಟೈಮ್ ಜಾಸ್ತಿ ಮಾಡಿದೆ. ಆ ಉಸಿರಾಟದ ಸದ್ದು ಹೋಯಿತು.

ನಿನ್ನೆ ರಾತ್ರಿ ವಿದ್ಯುತ್ ಪ್ರವಾಹದ ಪಾಠ ರೆಕಾರ್ಡ್ ಮಾಡಿದೆ. ವೋಲ್ಟೇಜ್ ಇಳಿದರೆ ಮೋಟಾರ್ ಏಕೆ ನಿಧಾನ ಆಗುತ್ತದೆ ಎಂದು ಹೇಳುವಾಗ ಪಕ್ಕದಲ್ಲಿದ್ದ ಈ ಫ್ಯಾನನ್ನೇ ಉದಾಹರಣೆ ಕೊಟ್ಟೆ. ಒಬ್ಬ ಹುಡುಗ ಬೆಳಗ್ಗೆ ಬಂದು, ಟೀಚರ್ ಈ ಸಲ ನಿಮ್ಮ ದನಿ ಹತ್ತಿರದಿಂದ ಕೇಳಿತು ಎಂದ.

ಹಿಂದಿನದು ಮಾತ್ರ ಇನ್ನೂ ಮೊಲೆಕ್ಸ್‌ನಲ್ಲಿ ಫುಲ್ ಸ್ಪೀಡ್. ಎಕ್ಸ್‌ಟೆನ್ಶನ್ ಕೇಬಲ್ ಕೇಳಿದೆ, ಇಲ್ಲಿಯ ಅಂಗಡಿಯಲ್ಲಿ ನಾಲ್ಕು ತೂತಿನದು ಮಾತ್ರ ಇದೆ ಎಂದರು. ಮೂರು ತೂತಿನದಕ್ಕೆ ಕಾಯಬೇಕಾ?

ತಾಮ್ರದ ತಂತಿ
ಶುಕ್ರವಾರ, ರಾತ್ರಿ 10:31

ಕಾಯಬೇಡಿ. ನಾಲ್ಕು ತೂತಿನ ಎಕ್ಸ್‌ಟೆನ್ಶನ್ ಆಗುತ್ತದೆ, ಒಂದು ಪಿನ್ ಖಾಲಿ ಉಳಿಯುತ್ತದೆ ಅಷ್ಟೇ. ಬಿಳಿ ಪ್ಲಗ್ ಮೊದಲು ಬಿಡಿಸಿ. ಆ ಹೆಡರನ್ನೂ ಡಿಸಿಗೆ ಇಡುವುದು ಮರೆಯಬೇಡಿ, ಒಂದೊಂದು ಹೆಡರಿಗೂ ಮೋಡ್ ಬೇರೆ ಬೇರೆ ಇರುತ್ತದೆ.

ಬಿಸಿಲೂರು ಟೀಚರ್
ಶನಿವಾರ, ಸಂಜೆ 7:50

ಹಾಕಿದೆ. ಬಯೋಸ್‌ನಲ್ಲಿ ಈಗ ಎರಡೂ ಅಂಕಿ ಕಾಣುತ್ತಿವೆ: ಮುಂದೆ 1,010, ಹಿಂದೆ 980.